ಗಂಗಾವತಿಯಿಂದ ಕೊಣಾಜೆಗೆ: ಹಾಸಿಗೆ ಕಟ್ಟಬೇಕೇ, ಬೇಡವೇ?

ಗಲ್ಫ್‌ಗೆ ಪೆಟ್ಟಿ ಕಟ್ಟುವುದನ್ನು ಬ್ಯಾರಿ ಮನೆಗಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಉಪ್ಪಿನಕಾಯಿ ಡಬ್ಬಿಗೆ ಎಷ್ಟು ಸುತ್ತು ಪ್ಲಾಸ್ಟಿಕ್ ಹಾಕಬೇಕು, ತೂಕ ಜಾಸ್ತಿಯಾದರೆ ಯಾವುದನ್ನು ತೆಗೆದಿಡಬೇಕು, ಎಲ್ಲ ಗೊತ್ತು. ಆದರೆ ಮಗಳಿಗೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಾಗ ಗಂಗಾವತಿಯ ನಮ್ಮ ಮನೆಯಲ್ಲಿ ಒಂದು ವಾರ ಜಗಳವೇ ನಡೆಯಿತು. ಜಗಳ ಹಾಸಿಗೆಯದ್ದು.

ನಾವು ವ್ಯಾಪಾರಕ್ಕೆಂದು ಊರು ಬಿಟ್ಟು ಇಲ್ಲಿಗೆ ಬಂದವರು. ಮಗಳು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಕೊಣಾಜೆಗೆ ಹತ್ತಿರದ ದೇರಳಕಟ್ಟೆಯಲ್ಲಿ ಅವಳ ಮಾಮಿಯ ಮನೆ ಇದೆ. "ಸ್ವಂತ ಮನೆ ಇರುವಾಗ ಹೆಣ್ಣುಮಗುವಿಗೆ ಹಾಸ್ಟೆಲ್ ಯಾಕೆ?" ಅಂತ ಫೋನಿನ ಮೇಲೆ ಫೋನು. ಮಾಮಿ ಮನೆಯಾದರೆ ಹಾಸಿಗೆ ಬೇಡ, ಹಾಸ್ಟೆಲ್ ಆದರೆ ಬೇಕು. ಹಾಗಾಗಿ ಅದನ್ನು ಬೆಳಿಗ್ಗೆ ಕಟ್ಟುವುದು, ರಾತ್ರಿ ಬಿಚ್ಚುವುದು.

ಮಗಳು ಹೇಳಿದ್ದು ಇಷ್ಟೇ: "ಉಪ್ಪಾ, ಅಲ್ಲಿ ನಾನು ನೆಂಟರ ಹುಡುಗಿ. ಬಂದವರಿಗೆಲ್ಲ ಚಹಾ ಮಾಡ್ತಾ ಕೂತ್ರೆ ಲ್ಯಾಬ್ ರೆಕಾರ್ಡ್ ಯಾರು ಬರೀಬೇಕು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಾಸಿಗೆ ಕಟ್ಟಿದೆವು. ಮಾಮಿ ಬೇಜಾರು ಮಾಡಿಕೊಳ್ಳದಿರಲಿ ಅಂತ ಅರ್ಧ ಚೀಲ ಸೋನಾ ಮಸೂರಿ ಅಕ್ಕಿಯನ್ನೂ ಜೊತೆಗಿಟ್ಟೆವು. ಕುಚ್ಚಲಕ್ಕಿ ಉಣ್ಣುವವರಿಗೆ ಗಂಗಾವತಿ ಅಕ್ಕಿ ಯಾಕೆ ಅನ್ನಬೇಡಿ, ಬಿರಿಯಾನಿಗಲ್ಲದಿದ್ದರೂ ಸಂಧಾನಕ್ಕೆ ಬರುತ್ತದೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಇರುವ ನಮ್ಮವರು ಬಟ್ಟೆಗಿಂತ ಮೊದಲು ಕಾಗದ ಜೋಡಿಸಿಕೊಳ್ಳಿ. ಬೇರೆ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅಂಕಪಟ್ಟಿ, ಟಿ.ಸಿ., 2ಬಿ ಜಾತಿ-ಆದಾಯ ಪತ್ರ ಇರಲೇಬೇಕು. ಇವೆಲ್ಲದರ ಜೊತೆಗೆ 371(ಜೆ) ಪ್ರಮಾಣಪತ್ರ. 2013ರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು ಎಂಬುದು ಎಲ್ಲರಿಗೂ ಗೊತ್ತು. ರಾಜ್ಯದ ಉಳಿದ ಕಡೆಯೂ ಶೇ. 8 ಮೀಸಲಿದೆ ಎಂಬುದನ್ನು ಎಷ್ಟೋ ಮನೆಗಳು ಮರೆಯುತ್ತವೆ. ಅದಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು, ಕೊನೇ ವಾರದಲ್ಲಿ ಓಡಿದರೆ ಆಗುವ ಕೆಲಸವಲ್ಲ. ಕುಷ್ಟಗಿಯ ಪರಿಚಯದವರೊಬ್ಬರ ಮಗ ಮೂಲಪ್ರತಿಯನ್ನು ಮನೆಯ ಕಪಾಟಿನಲ್ಲೇ ಬಿಟ್ಟು ಹೋಗಿದ್ದ. ಅವನ ಉಪ್ಪ ಅದನ್ನು ಹಿಡಿದುಕೊಂಡು ರಾತ್ರಿ ಬಸ್ ಹತ್ತಬೇಕಾಯ್ತು. ಕಾಗದ ಪ್ಲಾಸ್ಟಿಕ್ ಫೈಲಿನಲ್ಲಿ, ಫೈಲು ಕೈಚೀಲದಲ್ಲಿ ಇರಲಿ. ಬಸ್ಸಿನ ಡಿಕ್ಕಿಯಲ್ಲಿ ಬೇಡ.

ನಾವು ಎಡವಿದ್ದು ಮಳೆಯಲ್ಲಿ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬಿದ್ದರೆ ಮಂಗಳೂರಿನಲ್ಲಿ 3,500 ದಾಟುತ್ತದೆ. ಹುಟ್ಟಿ ಬೆಳೆದದ್ದು ಅಲ್ಲೇ ಆದರೂ ಇಪ್ಪತ್ತು ವರ್ಷ ಬಿಸಿಲಲ್ಲಿದ್ದು ನಮಗೇ ಅದು ಮರೆತುಹೋಗಿತ್ತು. ಎರಡು ಬುರ್ಖಾ ಸಾಕು ಅಂತ ಕಳಿಸಿದೆವು. ಒಗೆದದ್ದು ಮೂರು ದಿನವಾದರೂ ಒಣಗಲಿಲ್ಲ. ಅವಳ ಉಮ್ಮ ಬೆಳಗಿನ ಜಾವಕ್ಕೆ ಎದ್ದು, ಪಕ್ಕದ ಮನೆಯವರನ್ನೂ ಕೂರಿಸಿಕೊಂಡು ಬಡಿದ ಖಡಕ್ ರೊಟ್ಟಿ ನಾಲ್ಕೇ ದಿನಕ್ಕೆ ಬಟ್ಟೆಯ ಹಾಗೆ ಮೆತ್ತಗಾಯ್ತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಕೊಡಬೇಕಿತ್ತು. ಶೇಂಗಾ ಚಟ್ನಿಪುಡಿ ಮಾತ್ರ ಕೆಡಲಿಲ್ಲ, ರೂಮಿನ ಹುಡುಗಿಯರೇ ಮುಗಿಸಿದರು.

ಹೊರಡುವ ಹಿಂದಿನ ರಾತ್ರಿ ಮಗಳು ಕೇಳಿದ್ದಳು, "ಅಲ್ಲಿಯವರು ನನ್ನ ಬ್ಯಾರಿ ಕೇಳಿ ನಗ್ತಾರಾ?" ಮನೆಯಲ್ಲಷ್ಟೇ ಆಡಿದ ಭಾಷೆ ಅವಳದು, ಅರ್ಧ ಗಂಗಾವತಿ ಕನ್ನಡ, ನಡುವೆ ದಖನಿ. ಇಲ್ಲ ಅಂದೆವು. ನಕ್ಕರಂತೆ. ಈಗ ಅದೇ ಹುಡುಗಿಯರು ಅವಳ "ಹೌದಲ್ರೀ" ಕಲಿತಿದ್ದಾರಂತೆ.

ಹಾಸಿಗೆಯ ಕತೆ ಹೇಳಬೇಕಲ್ಲ. ಎರಡೇ ತಿಂಗಳಿಗೆ ಹತ್ತಿಯೆಲ್ಲ ತೇವ ಹಿಡಿದು ವಾಸನೆ ಬಂತು. ಮಾಮಿ ಆಟೋ ತಂದು ಅದನ್ನು ದೇರಳಕಟ್ಟೆಗೆ ಒಯ್ದರು, ಬದಲಿಗೆ ಒಂದು ಫೋಮ್ ಹಾಸಿಗೆ ಕೊಟ್ಟರು. ನಮ್ಮದು ಈಗ ಅವರ ಮನೆಯ ಟೆರೇಸಿನ ಶೀಟಿನಡಿ ಒಣಗುತ್ತಿದೆ. ಭಾನುವಾರ ಊಟಕ್ಕೆ ಹೋದಾಗ ಮಗಳು ಅದರ ಮೇಲೇ ಮಲಗುತ್ತಾಳಂತೆ.