ಪಡಖಾನೆಯ ಒಡೆಯನೂ ಊರಿನ ಕಾರಭಾರವೂ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಂಡದಲ್ಲಿ ಪಡಖಾನೆಯು ಕೇವಲ ಕುಡಿಯುವ ಸ್ಥಳವಾಗಿರಲಿಲ್ಲ. ಊರವರ ಸಭೆ, ಅಪಮೃತ್ಯುಗಳ ವಿಚಾರಣೆ, ಚುನಾವಣೆಯ ಮಾತುಕತೆ, ಇವೆಲ್ಲ ಅಲ್ಲಿಯೇ ನಡೆಯುತ್ತಿದ್ದವು. ಹೀಗೆ ಎಲ್ಲರಿಗೂ ಪರಿಚಿತನಾದ ಅದರ ಒಡೆಯನು 1835ರ ಮುನಸಿಪಲ್ ಕಾಯಿದೆಯ ತರುವಾಯ ನಗರಸಭೆಯ ಸಭಾಸದನಾಗುವದು ಸೋಜಿಗದ ಸಂಗತಿಯಾಗಿರಲಿಲ್ಲ. ಆದರೂ ಆ ದೇಶದವರು ಎಚ್ಚರ ತಪ್ಪಲಿಲ್ಲ. ಮದ್ಯದ ಪರವಾನಗಿಯನ್ನು ಕೊಡುವ ಅಧಿಕಾರವು ನಗರಸಭೆಗಿರದೆ ಮ್ಯಾಜಿಸ್ಟ್ರೇಟರ ಕೈಯಲ್ಲಿದ್ದಿತು. ನಗರಸಭೆಯ ಚುನಾವಣೆಗಾಗಿ ಪಡಖಾನೆಯಲ್ಲಿ ಕಚೇರಿ ಹೂಡಕೂಡದೆಂದು 1884ರಲ್ಲಿ ಕಾಯಿದೆಯಾಯಿತು.

ಅದೇ 1884ರಲ್ಲಿ ನಮ್ಮ ಧಾರವಾಡ ಜಿಲ್ಲೆಯು ಸ್ಥಾನಿಕ ಸ್ವರಾಜ್ಯದ ಮೊದಲ ಮೆಟ್ಟಿಲನ್ನು ಕಂಡಿತು. ರಿಪನ್ ಸಾಹೇಬರ 1882ರ ಠರಾವಿನ ಫಲವಾಗಿ ಮುಂಬಯಿ ಇಲಾಖೆಯಲ್ಲಿ ಲೋಕಲ್ ಬೋರ್ಡುಗಳು ಹುಟ್ಟಿದವು. ನವಲಗುಂದ, ಕಲಘಟಗಿಗಳ ರೈತನು ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ತೆತ್ತ ಪಟ್ಟಿಯ ಹಣವು ರಸ್ತೆಗೂ ಶಾಲೆಗೂ ಸಂದಿತು. ನೆರೆಯ ಕುಂದಗೋಳವು ಮಾತ್ರ 1948ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಕಾಯಿದೆಯು ಅಲ್ಲಿಗೆ ತಾಕಲಿಲ್ಲ.

ನಮ್ಮ ಸೆರೆಯಂಗಡಿಯವನ ಸ್ಥಿತಿಯು ಇಂಗ್ಲಂಡದವನದರಂತಲ್ಲ. 1878ರ ಅಬಕಾರಿ ಕಾಯಿದೆಯ ಮೇರೆಗೆ ಸೆರೆ, ಶಿಂದಿಗಳ ಮಾರಾಟದ ಹಕ್ಕನ್ನು ಸರಕಾರವು ಕೊಡುತ್ತಿತ್ತು. ಅದರ ಹುಟ್ಟುವಳಿಯು ಸರಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಅಣ್ಣಿಗೇರಿಯಲ್ಲಿ ಒಂದು ಸಂಸಾರವು ಕುಡಿತದಿಂದ ಹಾಳಾದರೆ ಅದರ ಗೋಳು ಊರಿಗೆ, ಹಣವು ಮುಂಬಯಿಗೆ! ಅಂಗಡಿಯು ಇರಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವ ಅಧಿಕಾರವು ಬೋರ್ಡಿಗಿರಲಿಲ್ಲ.

ಸಭೆಯಲ್ಲಿ ಎತ್ತಲಾಗದ ಪ್ರಶ್ನೆಯನ್ನು ಜನರು ಬೀದಿಯಲ್ಲಿ ಎತ್ತಿದರು. ಅಸಹಕಾರ ಚಳವಳಿಯ ಕಾಲದಲ್ಲಿ, 1921ನೆಯ ಜುಲೈ 1ರಂದು, ಧಾರವಾಡದ ಸೆರೆಯಂಗಡಿಯ ಬಳಿ ಪೋಲೀಸರು ಹಾರಿಸಿದ ಗುಂಡಿಗೆ ಮೂವರು ಬಲಿಯಾದರು. 1950ರಲ್ಲಿ ಮುಂಬಯಿ ರಾಜ್ಯದಲ್ಲೆಲ್ಲ ಪಾನನಿಷೇಧವು ಜಾರಿಗೆ ಬಂದಿತು. ಆಗ ಧಾರವಾಡವೂ ಅದೇ ರಾಜ್ಯದಲ್ಲಿದ್ದಿತು. ಆ ನಿಷೇಧವು ನಮ್ಮಲ್ಲಿ ಬಹುಕಾಲ ಬಾಳಲಿಲ್ಲ.

ಇಂದು ಲೋಕಸಭೆ, ವಿಧಾನಸಭೆಗಳ ಮತದಾನವು ಮುಗಿಯುವ ಮುಂಚಿನ 48 ತಾಸು ಮದ್ಯವನ್ನು ಮಾರಕೂಡದೆಂಬ ಕಾಯಿದೆಯುಂಟು. ಆದರೆ ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚೀತು, ಮನೆಯ ಹಿತ್ತಲಲ್ಲಿ ಗುಟ್ಟಾಗಿ ಬಂದಿಳಿಯುವ ಸೀಸೆಯನ್ನು ಕಂಡೀತೆ? ಅದನ್ನು ಕಾಣುವವರು ಮನೆಯವರೇ. ಒಂದು ಸಂಜೆಯ ಸೆರೆಗೆ ಮಾರಿದ ಮತವು ಐದು ವರ್ಷಗಳ ಬಾವಿ, ಬೀದಿ, ಶಾಲೆಗಳನ್ನು ಒತ್ತೆಯಿಟ್ಟಂತೆ. ಊರಿನ ಕಾರಭಾರವು ನೆಟ್ಟಗಾಗಬೇಕಾದರೆ ಆ ಎಚ್ಚರವು ಮೊದಲು ಮನೆಯಲ್ಲಿ ಹುಟ್ಟಬೇಕೆಂದು ನಾವು ನಂಬುತ್ತೇವೆ.