ಸಾಲಿನಲ್ಲಿ ಮೊದಲು ಯಾರು?

ಲಿಂಗನಮಕ್ಕಿಯ ಸುತ್ತಿನ ಸಾಗರ, ಹೊಸನಗರ ಸೀಮೆಯ ಅಪ್ಪೆಮಿಡಿ ಉಪ್ಪಿನಕಾಯಿಗೆ ಪರಿಚಯ ಬೇಕಿಲ್ಲ. ಇಂದು ಅದು ಅಂತರಜಾಲದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಕೊಳ್ಳುವವನು ‘ಮಾವಿನ ಉಪ್ಪಿನಕಾಯಿ’ ಎಂದು ಹುಡುಕಿದೊಡನೆ ಹತ್ತು ಕಡೆಯ ಸೀಸೆಗಳು ಸಾಲುಗಟ್ಟುತ್ತವೆ. ಆ ಸಾಲಿನ ಕ್ರಮವನ್ನು ನಿರ್ಧರಿಸುವುದು ಹೇಗೆಂಬುದನ್ನು ವಿಚಾರಿಸೋಣ.

ಹುಡುಕಿದ ಪದಕ್ಕೂ ಸರಕಿನ ಹೆಸರಿಗೂ ಎಷ್ಟು ಹೊಂದಿಕೆ, ಮಾರಾಟವೆಷ್ಟು, ಕೊಂಡವರ ಅಭಿಪ್ರಾಯವೇನು, ದಾಸ್ತಾನು ಇದೆಯೇ ಎಂಬ ಒಂದೊಂದಕ್ಕೂ ಇಷ್ಟಿಷ್ಟು ತೂಕವೆಂದು ಗೊತ್ತುಮಾಡಿ ಗಣಕಯಂತ್ರವು ಕೂಡುತ್ತದೆ. ಹೆಚ್ಚು ತೂಗಿದ್ದು ಮೇಲೇರುತ್ತದೆ. ಅಂಗಡಿಯವರು ತೂಕಗಳನ್ನು ಬದಲಿಸಿದರೆ ಸಾಲೂ ಬದಲಾಗುತ್ತದೆ. ಅಪ್ಪೆಮಿಡಿಯೂ ಮಾವೇ ಎಂದು ಯಂತ್ರಕ್ಕೆ ತಿಳಿಸಿರದಿದ್ದರೆ ಅದು ಲೆಕ್ಕಕ್ಕೇ ಬಾರದೆ ಹೋಗಬಹುದು.

ಮಾರಾಟಕ್ಕೇ ಹೆಚ್ಚು ತೂಕವಿತ್ತರೆ ಇನ್ನೊಂದು ತೊಡಕು. ಮೇಲಿರುವುದು ಕಣ್ಣಿಗೆ ಬೀಳುತ್ತದೆ, ಕಂಡದ್ದು ಮಾರಾಟವಾಗುತ್ತದೆ, ಮಾರಾಟವಾದುದೇ ಮತ್ತೆ ಮೇಲುಳಿಯುತ್ತದೆ. ನಾಲ್ಕಾರು ಭರಣಿ ಉಪ್ಪಿನಕಾಯಿ ಹಾಕಿ ಮಾರುವ ಗೃಹಿಣಿ ರುಚಿಯಲ್ಲಿ ಸೋಲದೆಯೂ ಸಾಲಿನಲ್ಲಿ ಸೋಲುತ್ತಾಳೆ. ಹೊಸ ಸರಕಿಗೂ ಕೆಲಕಾಲ ಮೇಲಿನ ಸ್ಥಾನವಿತ್ತು ನೋಡುವುದು ಇದಕ್ಕೊಂದು ಪರಿಹಾರ.

ಹಲವರ ಸರಕನ್ನು ಮಾರಿಕೊಡುವ ಇಂಥ ಅಂಗಡಿಗಳು ಶ್ರೇಣಿಯ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ವಿವರಿಸಬೇಕೆಂದು ಭಾರತ ಸರ್ಕಾರದ 2020ರ ನಿಯಮಗಳು ವಿಧಿಸಿವೆ. ತಕ್ಕಡಿ ಗಿರಾಕಿಯ ಕಣ್ಣೆದುರಿಗಿರಬೇಕೆಂಬ ಸಂತೆಯ ಹಳೆಯ ನ್ಯಾಯವೇ ಇದು.