ಬೆಂಕಿಬೆಟ್ಟದ ಬುಡದಲ್ಲಿ ಅಂಗಡಿ: ಬಾಗಿಲು ಹಾಕಿಸೋರು ಯಾರು, ತೆಗೆಸೋರು ಯಾರು?

ಬೆಟ್ಟ ಹೊಗೆ ಉಗುಳಿತು ಅಂತ ಸರ್ಕಾರ ಒಂದಿಡೀ ಊರನ್ನೇ ಖಾಲಿ ಮಾಡಿಸಿತು. ಎರಡೂವರೆ ತಿಂಗಳಾದ ಮೇಲೆ ಊರಿನವರು ಕಾವಲಿದ್ದ ಸೈನಿಕರನ್ನೇ ತಳ್ಳಿಕೊಂಡು ವಾಪಸ್ ಬಂದು ಅಂಗಡಿ ಬಾಗಿಲು ತೆಗೆದರು. ಬೆಟ್ಟ ಮಾತ್ರ ಹೊಗೆ ನಿಲ್ಲಿಸಿರಲಿಲ್ಲ!

ಇದು ನಡೆದದ್ದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಬಾನ್ಯೋಸ್ ಎಂಬ ಸಣ್ಣ ಪೇಟೆಯಲ್ಲಿ. 1999ರ ಅಕ್ಟೋಬರ್‌ನಿಂದ 2000ದ ಜನವರಿವರೆಗಿನ ಮಾತು. ಊರಿನ ತಲೆಯ ಮೇಲೆಯೇ 5,023 ಮೀಟರ್ ಎತ್ತರದ ತುಂಗುರಾವಾ ಜ್ವಾಲಾಮುಖಿ ಕೂತಿದೆ. ಅಲ್ಲಿಯವರಿಗೆ ಅನ್ನ ಹುಟ್ಟುವುದೂ ಅದರಿಂದಲೇ, ಜೀವಕ್ಕೆ ಕುತ್ತು ಬರುವುದೂ ಅದರಿಂದಲೇ.

ಹುಚ್ಚರಪ್ಪಾ ಇವರು ಅಂತ ದೂರದಲ್ಲಿ ಕೂತು ಹೇಳಿಬಿಡಬಹುದು. ಆದರೆ ದಿನದ ಗಲ್ಲಾ ಎಣಿಸಿ ಮನೆ ನಡೆಸುವವರು ಅಷ್ಟು ಬೇಗ ಹಾಗೆ ಹೇಳಲಾರರು. ಪೂರ್ತಿ ಕೇಳಿ.

ಸಾಲುಬೀದಿಯಲ್ಲಿ ಬಸ್ಸು

ಆಂಡೀಸ್ ಅಂದರೆ ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿಗೆ ಸುಮಾರು 7,000 ಕಿಲೋಮೀಟರ್ ಉದ್ದಕ್ಕೆ ಬೆನ್ನುಮೂಳೆ ಥರ ನಿಂತಿರುವ ಪರ್ವತಸಾಲು. ಪೆಸಿಫಿಕ್ ಸಮುದ್ರದ ತಳ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಈ ನೆಲದ ಅಡಿಗೆ ನುಗ್ಗುತ್ತಿದೆ. ನುಗ್ಗುವಾಗ ನೀರನ್ನೂ ಜೊತೆಗೆ ಒಯ್ಯುತ್ತದೆ. ನೀರು ಸೇರಿದ ಕಡೆ ಆಳದ ಬಿಸಿ ಬಂಡೆ ಬೇಗ ಕರಗುತ್ತದೆ. ಕರಗಿದ್ದು ದಾರಿ ಹುಡುಕಿಕೊಂಡು ಮೇಲೆ ಬಂದರೆ ಅದೇ ಜ್ವಾಲಾಮುಖಿ.

ಈಕ್ವೆಡಾರ್ ರಾಜಧಾನಿ ಕೀಟೊದಿಂದ ದಕ್ಷಿಣಕ್ಕೆ ಹೊರಟರೆ ಎಡಕ್ಕೊಂದು, ಬಲಕ್ಕೊಂದು ಇಂಥ ಬೆಟ್ಟ. 1802ರಲ್ಲಿ ಇಲ್ಲಿ ಓಡಾಡಿದ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಕಾಲದಿಂದ ಇದಕ್ಕೆ 'ಜ್ವಾಲಾಮುಖಿಗಳ ಸಾಲುಬೀದಿ' ಅಂತಲೇ ಹೆಸರು. ಈಗ ಆ ಬೀದಿಯಲ್ಲಿ ಹೆದ್ದಾರಿ, ಹೆದ್ದಾರಿ ಮೇಲೆ ದಿನವಿಡೀ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿ, ಮೋಡವೂ ಸರಿದರೆ ಟಿಕೆಟ್ ದುಡ್ಡಿಗೇ ಬೆಂಕಿಬೆಟ್ಟಗಳ ದರ್ಶನ.

ಬಸ್ಸಿನಲ್ಲಿ ನೋಡಿ ತೃಪ್ತಿಯಾಗದವರು ನಡೆಯೋಕೆ ಅಂತಲೇ ದೇಶಾಂತರದಿಂದ ಬರುತ್ತಾರೆ. ಸುಲಭದ ದಾರಿ ಬೇಕಾದವರಿಗೆ ಕಿಲೊಟೋವಾ. ಸುಮಾರು 800 ವರ್ಷದ ಹಿಂದೆ ಸಿಡಿದ ಬೆಟ್ಟ ಅದು. ಸಿಡಿದ ಬಾಯಿ ಮೂರು ಕಿಲೋಮೀಟರ್ ಅಗಲ, ಅದರೊಳಗೆ ಈಗ ಹಸಿರು ನೀರಿನ ಕೆರೆ. ಸಿಗ್ಚೋಸ್ ಎಂಬಲ್ಲಿ ಬಸ್ಸಿಳಿದು, ಊರಿಂದೂರಿಗೆ ನಡೆದು, ರಾತ್ರಿ ಹಳ್ಳಿಯಲ್ಲಿ ಉಂಡು ಮಲಗಿ, ಮೂರನೇ ದಿನ ಆ ಕೆರೆಯ ಅಂಚಿಗೆ ತಲುಪುತ್ತಾರೆ. ಕೆರೆಗೆ ಇಳಿಯುವುದು ಅರ್ಧ ಗಂಟೆ ಕೆಲಸ. ಹತ್ತುವಾಗ ಮಾತ್ರ ಏದುಸಿರು. ಅದಕ್ಕೆಂದೇ ಊರಿನ ಕಿಚುವಾ ಜನ ಹೇಸರಗತ್ತೆ ಕಟ್ಟಿಕೊಂಡು ಕೆಳಗೆ ಕಾಯ್ತಿರುತ್ತಾರೆ, ಬಾಡಿಗೆಗೆ!

ಗಟ್ಟಿ ಗುಂಡಿಗೆಯವರಿಗೆ ಕೋಟೊಪಾಕ್ಸಿ. 5,897 ಮೀಟರ್. ಸಂಜೆ 4,864 ಮೀಟರ್ ಎತ್ತರದ ತಂಗುಮನೆಯಲ್ಲಿ ನಾಲ್ಕು ಗಂಟೆ ಹೊರಳಾಡಿ, ನಡುರಾತ್ರಿ ಎದ್ದು ಹೊರಡಬೇಕು. ಬಿಸಿಲೇರಿ ಹಿಮ ಮೆತ್ತಗಾಗುವ ಮುಂಚೆ ತುದಿ ಮುಟ್ಟಿ ಇಳಿಯಬೇಕು. ಅಲ್ಲಿ ಉಸಿರಿಗೆ ಸಿಗುವ ಗಾಳಿ ಸಮುದ್ರ ಮಟ್ಟದ ಅರ್ಧದಷ್ಟು. ಹಿಮದಲ್ಲಿ ಸೀಳುಗಳಿರುವುದರಿಂದ ಗೈಡಿನ ಸೊಂಟಕ್ಕೂ ನಿಮ್ಮ ಸೊಂಟಕ್ಕೂ ಒಂದೇ ಹಗ್ಗ.

ಇಲ್ಲಿ ಲೆಕ್ಕ ಹಾಕಿ. ಒಬ್ಬ ಚಾರಣಿಗ ಬಂದನೆಂದರೆ ಗೈಡಿಗೆ ಕೂಲಿ, ಜೀಪಿನವನಿಗೆ ಬಾಡಿಗೆ, ಬೂಟು ಜಾಕೆಟ್ ಬಾಡಿಗೆಗೆ ಕೊಡುವವನಿಗೆ ವ್ಯಾಪಾರ, ಹೋಟೆಲಿನವಳಿಗೆ ಎರಡು ಹೊತ್ತಿನ ಊಟದ ಕಾಸು. ಬೆಟ್ಟ ಮುಚ್ಚಿದರೆ ಇಷ್ಟೂ ಒಲೆ ಒಂದೇ ದಿನ ಆರುತ್ತವೆ.

ಬಾಗಿಲಲ್ಲೇ ಮಿಠಾಯಿ

ಬಾನ್ಯೋಸ್ ಅಂದರೆ ಅವರ ಭಾಷೆಯಲ್ಲಿ ಸ್ನಾನಗಳು. ಬೆಟ್ಟದ ಒಡಲ ಕಾವಿಗೆ ಅಲ್ಲಿ ಬಿಸಿನೀರಿನ ಬುಗ್ಗೆಗಳು ಏಳುತ್ತವೆ. ಮೀಯಲು ಜನ, ಮಾತೆ ಮೇರಿಯ ಹರಕೆಗೆ ಜನ, ಬೆಟ್ಟ ಹತ್ತಲು ಜನ. ಅಂಗಡಿಯವರು ಬೆಲ್ಲದ ಪಾಕವನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ಎಳೆದೆಳೆದು ಬಿಳಿ ಬರುವ ತನಕ ಜಗ್ಗಿ ಮಿಠಾಯಿ ಮಾಡುತ್ತಾರೆ. ನೋಡೋಕೆ ನಿಂತವನು ಕೊಳ್ಳದೆ ಹೋಗಲ್ಲ. ಊರಿನವರು ಬೆಟ್ಟವನ್ನು ಕರೆಯುವುದು ಅಮ್ಮ ತುಂಗುರಾವಾ ಅಂತ. ದೂರದ ಚಿಂಬೊರಾಸೊ ಬೆಟ್ಟ ಅಪ್ಪ.

ಎಂಬತ್ತು ವರ್ಷದಿಂದ ಹೆಚ್ಚುಕಮ್ಮಿ ಸುಮ್ಮನಿದ್ದ ಅಮ್ಮ 1999ರಲ್ಲಿ ಎದ್ದಳು. ಬೂದಿ, ಗುಡುಗು, ರಾತ್ರಿ ಕೆಂಡ. ಅಕ್ಟೋಬರ್ ನಡುವಿನಲ್ಲಿ ಸರ್ಕಾರ ಬಾನ್ಯೋಸ್ ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 25 ಸಾವಿರ ಜನರನ್ನು ಎಬ್ಬಿಸಿತು. ಊರಿನ ದಾರಿಗೆ ಸೈನ್ಯದ ಕಾವಲು ಬಿತ್ತು.

ಸರ್ಕಾರ ಹೆದರಿದ್ದಕ್ಕೆ ಕಾರಣವಿತ್ತು. ಅದರ ಹೆಸರು ಅರ್ಮೆರೊ.

ಮೈಕಿನಲ್ಲಿ ಧೈರ್ಯ ಹೇಳಿದರು

ಪಕ್ಕದ ಕೊಲಂಬಿಯಾ ದೇಶದ ಪೇಟೆ ಅದು. 1985ರ ನವೆಂಬರ್ 13ರಂದು ಮಧ್ಯಾಹ್ನ ಊರಿನ ಮೇಲೆ ಬೂದಿ ಉದುರಿತು. ಯಾರೂ ಗಾಬರಿ ಬೀಳಬೇಡಿ, ಮನೆಯಲ್ಲೇ ಇರಿ ಅಂತ ರೇಡಿಯೊ ಹೇಳಿತು, ಚರ್ಚಿನ ಧ್ವನಿವರ್ಧಕವೂ ಹೇಳಿತು. ರಾತ್ರಿ ಒಂಬತ್ತು ದಾಟಿದ ಮೇಲೆ ದೂರದ ನೆವಾಡೊ ದೆಲ್ ರೂಯಿಸ್ ಬೆಟ್ಟ ಸಿಡಿಯಿತು. ನೆತ್ತಿಯ ಹಿಮ ಕರಗಿ ಕೆಸರಾಗಿ ನದಿ ಹಿಡಿದು ಇಳಿಯಿತು. ಸುಮಾರು ಎರಡೂವರೆ ಗಂಟೆಯಲ್ಲಿ ಅರ್ಮೆರೊ ಮಣ್ಣಡಿ ಹೋಯಿತು. ಸತ್ತವರು ಸುಮಾರು 23 ಸಾವಿರ, ಹೆಚ್ಚಿನವರು ಆ ಒಂದೇ ಊರಿನವರು.

ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ! ಕೆಸರು ಎಲ್ಲಿಗೆ ಬರುತ್ತದೆಂದು ತೋರಿಸುವ ನಕ್ಷೆ ಒಂದು ತಿಂಗಳ ಮೊದಲೇ ತಯಾರಾಗಿತ್ತು. ಅರ್ಮೆರೊ ಅದರಲ್ಲಿತ್ತು. ನಕ್ಷೆ ಕಚೇರಿಯ ಮೇಜಿನ ಮೇಲಿತ್ತು, ಜನ ಹಾಸಿಗೆಯಲ್ಲಿದ್ದರು. ಎರಡೂವರೆ ಗಂಟೆ ಕಾಲಾವಕಾಶವಿತ್ತು. ಹತ್ತಿರದ ದಿಣ್ಣೆ ಹತ್ತಿದ್ದರೂ ಜೀವ ಉಳಿಯುತ್ತಿತ್ತು.

ಶಾಸ್ತ್ರಜ್ಞರೂ ಸರ್ವಜ್ಞರಲ್ಲ. 1993ರ ಜನವರಿ 14ರಂದು ಅದೇ ಕೊಲಂಬಿಯಾದ ಗಲೇರಾಸ್ ಬೆಟ್ಟಕ್ಕೆ ಜ್ವಾಲಾಮುಖಿ ತಜ್ಞರ ತಂಡವೇ ಹೋಗಿತ್ತು. ಬೆಟ್ಟ ಶಾಂತವಾಗಿ ಕಂಡಿತ್ತು. ಅವರು ಬಾಯಿಯ ಹತ್ತಿರ ಇರುವಾಗಲೇ ಸಿಡಿಯಿತು. ಆರು ಮಂದಿ ವಿಜ್ಞಾನಿಗಳು, ನೋಡಲು ಹೋಗಿದ್ದ ಮೂವರು ಪ್ರವಾಸಿಗರು ಸತ್ತರು.

ಇಷ್ಟೆಲ್ಲ ನೋಡಿದ ಮೇಲೆ ಬಾನ್ಯೋಸ್ ಖಾಲಿ ಮಾಡಿಸಿದ್ದು ತಪ್ಪೆಂದು ಹೇಳುವುದು ಹೇಗೆ? ಆದರೆ ಖಾಲಿ ಮಾಡಿಸಿದ ಮೇಲೇನು?

ಠೇವಣಿಯೂ ಇಲ್ಲ, ವ್ಯಾಪಾರವೂ ಇಲ್ಲ

ಅದೇ ವರ್ಷ ಮಾರ್ಚಿನಲ್ಲಿ ಈಕ್ವೆಡಾರ್ ಸರ್ಕಾರ ಬ್ಯಾಂಕಿನಲ್ಲಿದ್ದ ಜನರ ಠೇವಣಿಯನ್ನು ತಡೆಹಿಡಿದಿತ್ತು. ಅಂದರೆ ಕೂಡಿಟ್ಟ ದುಡ್ಡು ಕೈಗಿಲ್ಲ, ದುಡಿಯೋಣವೆಂದರೆ ಅಂಗಡಿಗೆ ಹೋಗುವ ಹಾಗಿಲ್ಲ. ಬಿಟ್ಟು ಬಂದವರು ನೆಂಟರ ಮನೆಯಲ್ಲಿ, ಶಾಲೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ದಿನ ಎಣಿಸಿದರು. ಹಳ್ಳಿಯವರು ದನ ಕೋಳಿಗಳನ್ನು ಸಿಕ್ಕ ಬೆಲೆಗೆ ಮಾರಿದರು. ಯಾವಾಗ ವಾಪಸ್ ಹೋಗಬಹುದು ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿಲ್ಲ. ಬೆಟ್ಟವೋ, ದಿನಾ ಗುಡುಗುತ್ತದೆ, ಪೂರ್ತಿ ಸಿಡಿಯುವುದೂ ಇಲ್ಲ, ಸುಮ್ಮನಾಗುವುದೂ ಇಲ್ಲ!

2000ದ ಜನವರಿ ಮೊದಲ ವಾರ ಸಾವಿರಾರು ಜನ ಒಟ್ಟಾಗಿ ಹೊರಟರು. ಸೈನಿಕರೊಂದಿಗೆ ಜಟಾಪಟಿಯಾಯಿತು. ಕೊನೆಗೆ ದಾರಿ ಬಿಡಲೇಬೇಕಾಯಿತು. ಬೂದಿ ಗುಡಿಸಿ ಅಂಗಡಿ ತೆಗೆದರು.

ತಮಾಷೆ ನೋಡಿ. ಆಮೇಲೆ ಬೆಟ್ಟದ ಬೆಂಕಿಯೇ ಸರಕಾಯಿತು. ಚೀವಾ ಎಂಬ ಬದಿ ತೆರೆದ ಬಣ್ಣದ ಬಸ್ಸುಗಳು ರಾತ್ರಿ ಪ್ರವಾಸಿಗರನ್ನು ತುಂಬಿಕೊಂಡು ಎದುರಿನ ಗುಡ್ಡಕ್ಕೆ ಏರತೊಡಗಿದವು, ಕೆಂಡ ಉರುಳುವುದನ್ನು ತೋರಿಸೋಕೆ.

ರಾತ್ರಿ ಎಂಟರ ರೇಡಿಯೊ

ಇಲ್ಲಿಗೇ ನಿಂತಿದ್ದರೆ ಇದು ಬರೀ ಮೊಂಡುತನದ ಕಥೆ. ಆದರೆ ಜಗಳದಿಂದ ಎರಡೂ ಕಡೆಯವರು ಪಾಠ ಕಲಿತರು. ಜನ ಅಲ್ಲೇ ಇರುತ್ತಾರೆ ಅಂತಾದ ಮೇಲೆ ಜನರನ್ನೇ ಕಾವಲಿಗೆ ಹಾಕುವುದು ಮೇಲು ಅಂತ ತೀರ್ಮಾನವಾಯಿತು. ಬೆಟ್ಟದ ಮೈಮೇಲಿನ ಹೊಲಗಳಲ್ಲಿ ಇರುವ ರೈತರೇ ಸಂಬಳವಿಲ್ಲದ ಕಾವಲುಗಾರರಾದರು. ಅವರಿಗೆ ವಿಹೀಯಾಗಳು ಅಂತ ಹೆಸರು. ಕೈಗೆ ರೇಡಿಯೊ ಸೆಟ್ ಬಂತು. ಬೂದಿ ಎಲ್ಲಿ ಬಿತ್ತು, ಸದ್ದು ಹೇಗಿತ್ತು, ಯಾವ ಹಳ್ಳದಲ್ಲಿ ಕೆಸರು ಇಳಿಯಿತು ಎಲ್ಲವನ್ನೂ ಬೆಟ್ಟದ ಎದುರಿನ ವೀಕ್ಷಣಾಲಯಕ್ಕೆ ಹೇಳುವುದು ಅವರ ಕೆಲಸ. ದಿನಾ ರಾತ್ರಿ ಎಂಟು ಗಂಟೆಗೆ ಹಾಜರಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಹೇಳಬೇಕು.

ವಿಜ್ಞಾನಿಯ ಯಂತ್ರಕ್ಕೆ ಇದರಿಂದ ಕಣ್ಣು ಸಿಕ್ಕಿತು. ರೈತನಿಗೆ ವಿಜ್ಞಾನಿಯ ಮಾತಿನ ಮೇಲೆ ನಂಬಿಕೆ ಬಂತು. ಏಕೆಂದರೆ ಸುದ್ದಿ ಕೊಟ್ಟವನು ತಾನೇ ತಾನೆ? ಊರಿನ ಬೀದಿಗಳಲ್ಲಿ ಓಡಬೇಕಾದ ದಾರಿಗೆ ಬಾಣದ ಗುರುತು ಬಿತ್ತು, ಸೈರನ್ ಬಂತು, ಅಣಕು ತೆರವು ನಡೆಯಿತು.

ಪರೀಕ್ಷೆ 2006ರ ಆಗಸ್ಟ್ 16ರ ರಾತ್ರಿ ಬಂತು. ತುಂಗುರಾವಾ ಜೋರಾಗಿ ಸಿಡಿಯಿತು, ಬೆಂಕಿಮೋಡ ಇಳಿಜಾರು ಹಿಡಿದು ಹಳ್ಳಿಗಳ ಮೇಲೆ ನುಗ್ಗಿತು. ಪಾಲಿತಾವಾ ಎಂಬಲ್ಲಿ ಐದಾರು ಜೀವ ಹೋಯಿತು. ಅದು ಸಣ್ಣ ನಷ್ಟವೇನಲ್ಲ. ಆದರೆ ಕಾವಲುಗಾರರು ಎಚ್ಚರಿಸಿದ ಹಳ್ಳಿಗಳಲ್ಲಿ ಜನ ಸಮಯಕ್ಕೆ ಮನೆ ಬಿಟ್ಟಿದ್ದರು. ಅರ್ಮೆರೊದಲ್ಲಿ ಆಗದೆ ಹೋದದ್ದು ಅಲ್ಲಿ ಆಯಿತು. 2016ರಲ್ಲಿ ಬೆಟ್ಟದ ಆ ಸರದಿ ನಿಂತಿತು.

ಮುಚ್ಚಿದರೆ ಹೊಟ್ಟೆಗೇನು?

ಎಲ್ಲ ಕಡೆಯೂ ಹೀಗೇ ಆಗಿಲ್ಲ. 2015ರ ಆಗಸ್ಟ್ 14ರಂದು ಕೋಟೊಪಾಕ್ಸಿ ಎದ್ದಿತು. ತುದಿ ಹತ್ತುವುದಕ್ಕೆ ಬೀಗ ಬಿತ್ತು, ತೆಗೆದದ್ದು 2017ರ ಅಕ್ಟೋಬರ್‌ನಲ್ಲಿ. 2022ರಲ್ಲಿ ಮತ್ತೆ ಹೊಗೆ, ಮತ್ತೆ ಬೀಗ. ಮುಚ್ಚಿದ್ದು ನ್ಯಾಯವೇ. 1877ರಲ್ಲಿ ಇದೇ ಬೆಟ್ಟದ ಕೆಸರು ಲಾತಾಕುಂಗಾ ಪೇಟೆಯನ್ನು ಹೊಡೆದು, ಇನ್ನೊಂದು ಬದಿಯಿಂದ ಪೆಸಿಫಿಕ್ ಸಮುದ್ರದವರೆಗೂ ಹರಿದಿತ್ತು. ಈಗ ಆ ಕೆಸರಿನ ದಾರಿಯಲ್ಲಿ ಸುಮಾರು ಮೂರು ಲಕ್ಷ ಜನರ ಮನೆಗಳಿವೆ. ಆದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ತುದಿಯನ್ನೇ ನಂಬಿದ ಗೈಡು ಏನು ತಿನ್ನಬೇಕು? ಕೆಲವರು ಬೇರೆ ಬೆಟ್ಟಕ್ಕೆ ಹೋದಾರು. ಬುಡದಲ್ಲಿ ಅಂಗಡಿ ಇಟ್ಟವನು ಅಂಗಡಿಯನ್ನು ಹೊತ್ತುಕೊಂಡು ಹೋಗಲಾರ.

ಚಿಲಿ ದೇಶದಲ್ಲಿ ಬೆಟ್ಟಗಳಿಗೆ ರಸ್ತೆ ಸಿಗ್ನಲ್ ಥರ ಬಣ್ಣ ಕೊಡುತ್ತಾರೆ. ಹಸಿರು, ಹಳದಿ, ಕಿತ್ತಳೆ, ಕೆಂಪು. ಪುಕೋನ್ ಊರಿನ ವಿಲ್ಯಾರಿಕಾ ಬೆಟ್ಟದ ಬಾಯಿಯವರೆಗೂ ಚಾರಣಿಗರು ಹತ್ತುತ್ತಾರೆ. ಬಣ್ಣ ಬದಲಾದರೆ ದಾರಿ ಬಂದ್. 2015ರ ಮಾರ್ಚ್ 3ರ ಬೆಳಗಿನ ಜಾವ ಅದು ಆಕಾಶಕ್ಕೆ ಬೆಂಕಿ ಚಿಮ್ಮಿದಾಗ ಸಾವಿರಾರು ಜನರನ್ನು ಹೊರಡಿಸಿದರು. ಬಣ್ಣ ಕಣ್ಣಿಗೆ ಕಾಣುತ್ತದೆ, ಯಾಕೆ ಮುಚ್ಚಿದರು ಎಂಬುದು ಪೇಟೆಯವನಿಗೂ ಗೊತ್ತಾಗುತ್ತದೆ. ಅಷ್ಟರಮಟ್ಟಿಗೆ ಜಗಳ ಕಮ್ಮಿ.

ಇಷ್ಟರಿಂದ ತಿಳಿಯುವುದೇನು? ಬೆಟ್ಟದ ಸುದ್ದಿಯನ್ನು ಕಚೇರಿಯಲ್ಲಿ ಬಚ್ಚಿಟ್ಟರೆ ಹೆಣ ಬೀಳುತ್ತವೆ. ಬಂದೂಕು ತೋರಿಸಿ ಊರು ಮುಚ್ಚಿಸಿ, ಮುಂದಿನ ಮಾತೇ ಆಡದಿದ್ದರೆ ಜನ ಸಾವಿನ ಬಾಯಿಗೇ ವಾಪಸ್ ನುಗ್ಗುತ್ತಾರೆ. ಬಾಗಿಲು ಹಾಕಿ ಎನ್ನುವ ಅಧಿಕಾರಿ ಎರಡು ಮಾತು ಸೇರಿಸಿ ಹೇಳಬೇಕು: ಯಾವ ಗುರುತು ಕಂಡರೆ ತೆಗೆಯುತ್ತೇವೆ, ಅಲ್ಲಿಯ ತನಕ ನಿಮ್ಮ ಹೊಟ್ಟೆಗೆ ಏನು ದಾರಿ. ಮೊದಲನೆಯದಕ್ಕೆ ಬಾನ್ಯೋಸ್ ರೈತರ ರೇಡಿಯೊ ಉತ್ತರ ಹುಡುಕಿತು. ಎರಡನೆಯದಕ್ಕೆ ಕೋಟೊಪಾಕ್ಸಿ ಬುಡದವರಿಗೆ ಉತ್ತರ ಸಿಕ್ಕಿಲ್ಲ.

ಬಾನ್ಯೋಸ್ ಮೇಲಿನ ಗುಡ್ಡದಲ್ಲಿ ಒಬ್ಬ ಕಾವಲುಗಾರ ಬೆಟ್ಟ ನೋಡಲೆಂದು ಮರದ ಮೇಲೆ ಪುಟ್ಟ ಮನೆ ಕಟ್ಟಿದ್ದ. ಪಕ್ಕದಲ್ಲಿ ಒಂದು ಜೋಕಾಲಿ. ಇಂದು ಅದನ್ನು ಆಡೋಕೆ ಪ್ರಪಂಚದ ಜನ ಟಿಕೆಟ್ ಕೊಂಡು ಸಾಲು ನಿಲ್ಲುತ್ತಾರೆ. ಕೆಳಗೆ ಪೇಟೆಯಲ್ಲಿ ಮಿಠಾಯಿ ಎಳೆಯುತ್ತಿರುತ್ತಾರೆ. ಅಮ್ಮ ಮಲಗಿದ್ದಾಳೆ, ಸತ್ತಿಲ್ಲ. ಅದು ಅಂಗಡಿಯವರಿಗೂ ಗೊತ್ತು.